ತೂಕ ಇಳಿಸಬೇಕೋ, ಉಳಿಸಿಕೊಳ್ಳಬೇಕೋ: ಮನೆ ಆರೈಕೆಯಲ್ಲಿರುವ ಹಿರಿಯರ ಲೆಕ್ಕವೇ ಬೇರೆ

ಬೊಜ್ಜಿನ ಬಗ್ಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ಔಷಧಿಗಳು ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಕೊಂಡರೆ ತೂಕ ಇಳಿಯುತ್ತದೆ ಎಂಬ ಮಾತು ಮನೆಮನೆ ತಲುಪಿತು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ಗೆ ಭಾರತದಲ್ಲಿ ಪೇಟೆಂಟ್ ಇದ್ದದ್ದು 2026ರ ಮಾರ್ಚ್‌ವರೆಗೆ ಮಾತ್ರ. ಅದರಾಚೆಗೆ ಬೇರೆ ಕಂಪನಿಗಳೂ ಅಗ್ಗದ ದರಕ್ಕೆ ತಯಾರಿಸಬಹುದು. ಅದರ ಬೆನ್ನಿಗೇ ಇನ್ನೊಂದು ಸುದ್ದಿ ಓಡಾಡುತ್ತದೆ: ವಯಸ್ಸಾದವರಲ್ಲಿ ಸ್ವಲ್ಪ ಮೈತುಂಬಿಕೊಂಡವರೇ ಹೆಚ್ಚು ಕಾಲ ಬದುಕುತ್ತಾರಂತೆ.

ಈ ಗೊಂದಲದ ಬಿಸಿ ಹೆಚ್ಚು ತಟ್ಟುವುದು ಮನೆಯಲ್ಲೇ ಆರೈಕೆ ಪಡೆಯುತ್ತಿರುವ ಹಿರಿಯರ ಕುಟುಂಬಗಳಿಗೆ. ಬೆಂಗಳೂರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಸ್ಟ್ರೋಕ್ ಆದ ಅಪ್ಪ, ಮಂಡಿ ಸವೆದ ಅಮ್ಮ, ಮರೆವಿನ ಕಾಯಿಲೆಯ ಅಜ್ಜಿ. ಹಗಲು ಪಾಳಿಗೊಬ್ಬ ಅಟೆಂಡೆಂಟ್, ವಾರಕ್ಕೆರಡು ಸಲ ಫಿಸಿಯೋಥೆರಪಿಸ್ಟ್. ಮೂಳೆ ಡಾಕ್ಟರು ‘ತೂಕ ಇಳಿಸಿ’ ಎನ್ನುತ್ತಾರೆ. ಅದೇ ವಾರ ಇನ್ನೊಬ್ಬ ಡಾಕ್ಟರು ‘ಯಾಕೆ ಇಷ್ಟು ಇಳಿದುಹೋಗಿದ್ದಾರೆ?’ ಎಂದು ಹುಬ್ಬುಗಂಟು ಹಾಕುತ್ತಾರೆ. ಯಾರ ಮಾತು ಕೇಳುವುದು?

ಎರಡು ಸುದ್ದಿಯೂ ಸುಳ್ಳಲ್ಲ. ಆದರೆ ಮನೆ ಆರೈಕೆಯಲ್ಲಿರುವವರ ಪ್ರಶ್ನೆಗೆ ಎರಡೂ ನೇರ ಉತ್ತರ ಕೊಡುವುದಿಲ್ಲ. ಹಾಸಿಗೆಯಿಂದ ತಾವಾಗಿ ಏಳಬಲ್ಲರೇ, ಬಚ್ಚಲುಮನೆ ತನಕ ನಡೆಯಬಲ್ಲರೇ, ತುತ್ತು ತಾವೇ ಬಾಯಿಗಿಡಬಲ್ಲರೇ ಎಂಬುದು ಅವರ ಪ್ರಶ್ನೆ. ತೂಕವನ್ನು ಅದರ ಮೂಲಕ ನೋಡಿದರೆ ಮಾತ್ರ ಗೊಂದಲ ಬಿಡಿಸಿಕೊಳ್ಳುತ್ತದೆ.

ಬಿಎಂಐ ಎಲ್ಲಿ ಎಡವುತ್ತದೆ

ತೂಕವನ್ನು ಕಿಲೋಗಳಲ್ಲಿ ಹಿಡಿದು, ಮೀಟರ್‌ಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ಕಡಿಮೆ ತೂಕದಲ್ಲೇ ಭಾರತೀಯರಿಗೆ ಸಕ್ಕರೆ ಕಾಯಿಲೆ, ಹೃದ್ರೋಗ ಅಂಟಿಕೊಳ್ಳುವುದರಿಂದ ಇಲ್ಲಿನ ವೈದ್ಯರು 23 ಮತ್ತು 25ರ ಗೆರೆಗಳನ್ನು ಬಳಸುತ್ತ ಬಂದಿದ್ದಾರೆ. ಇದರ ಹಿಂದಿನ ಕಾರಣವನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಒಂದೇ ಚಿತ್ರದಲ್ಲಿ ತೋರಿಸಿದ್ದರು. ಅವರದೂ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರದೂ ಒಂದೇ ಬಿಎಂಐ, 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತಕ್ಕಡಿಗೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ.

2025ರ ಜನವರಿಯಲ್ಲಿ ‘ಲ್ಯಾನ್ಸೆಟ್ ಡಯಾಬಿಟಿಸ್ ಅಂಡ್ ಎಂಡೊಕ್ರೈನಾಲಜಿ’ ಪತ್ರಿಕೆಯ ತಜ್ಞರ ಆಯೋಗ ಬಿಎಂಐ ಒಂದನ್ನೇ ನೆಚ್ಚಿಕೊಂಡು ಬೊಜ್ಜನ್ನು ಕಾಯಿಲೆ ಎನ್ನಬಾರದೆಂದು ಹೇಳಿತು. ಹೆಚ್ಚಿನ ಕೊಬ್ಬಿನಿಂದ ಅಂಗಾಂಗಗಳ ಕೆಲಸ ಕೆಟ್ಟಿರಬೇಕು, ಇಲ್ಲವೇ ಸ್ನಾನ, ಬಟ್ಟೆ ತೊಡುವುದು, ಶೌಚ, ಊಟದಂಥ ನಿತ್ಯದ ಕೆಲಸಗಳಿಗೆ ಗಣನೀಯ ಅಡ್ಡಿಯಾಗಿರಬೇಕು. ಆಗ ಮಾತ್ರ ಅದು ಕಾಯಿಲೆ. ಅದೇ ತಿಂಗಳು ಭಾರತೀಯ ತಜ್ಞರ ಗುಂಪೊಂದು ಕೂಡ ಬೊಜ್ಜನ್ನು ಎರಡು ಹಂತ ಮಾಡಿ, ದೇಹದ ಕೆಲಸಕ್ಕೆ ತೊಂದರೆ ಆಗಿದ್ದರೆ ಎರಡನೆಯ ಹಂತ ಎಂದಿತು. ಈ ಬದಲಾವಣೆಗೆ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಕಡಿಮೆ. ಮನೆ ಆರೈಕೆಯ ಮಟ್ಟಿಗೆ ಮಾತ್ರ ಇದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ, ಏಕೆಂದರೆ ಈ ಆರೈಕೆ ಶುರುವಾಗುವುದೇ ನಿತ್ಯದ ಕೆಲಸ ನಿಂತಾಗ.

ವಯಸ್ಸಾದವರಲ್ಲಿ ಬಿಎಂಐಗೆ ಮತ್ತೊಂದು ತೊಡಕು. ಬೆನ್ನು ಬಾಗಿ, ಬೆನ್ನೆಲುಬಿನ ಬಿಲ್ಲೆಗಳು ಕುಗ್ಗಿ ಎತ್ತರವೇ ಕಡಿಮೆಯಾಗುತ್ತದೆ. 160 ಸೆಂಟಿಮೀಟರ್ ಎತ್ತರದ, 70 ಕಿಲೋ ತೂಕದ ಹೆಂಗಸಿನ ಬಿಎಂಐ 27.3. ಅದೇ ತೂಕದಲ್ಲಿ ಅವರ ಎತ್ತರ 154ಕ್ಕೆ ಇಳಿದರೆ ಬಿಎಂಐ 29.5. ಒಂದು ಗ್ರಾಂ ಕೂಡ ಹೆಚ್ಚದೆ ಅವರು ಇನ್ನಷ್ಟು ‘ದಪ್ಪ’ ಆಗಿಬಿಟ್ಟರು. ಹಾಸಿಗೆ ಹಿಡಿದವರನ್ನಂತೂ ತಕ್ಕಡಿ ಮೇಲೆ ನಿಲ್ಲಿಸುವುದೇ ಆಗದ ಮಾತು.

ದಪ್ಪಗಿದ್ದರೆ ಹೆಚ್ಚು ಬಾಳುತ್ತಾರೆಯೇ

65 ದಾಟಿದ ಸುಮಾರು ಎರಡು ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಈ ಚರ್ಚೆಯ ಕೇಂದ್ರದಲ್ಲಿದೆ. ಸಾವಿನ ಅಪಾಯ ತೀರ ಕಡಿಮೆ ಇದ್ದದ್ದು ಬಿಎಂಐ 27ರ ಆಸುಪಾಸಿನವರಲ್ಲಿ. 23ಕ್ಕಿಂತ ಕೆಳಗಿಳಿದಂತೆ ಅಪಾಯ ಏರುತ್ತಿತ್ತು. ಮೇಲ್ಗಡೆ ಅದು ಏರತೊಡಗಿದ್ದು 33ರ ನಂತರ.

ಇದನ್ನು ಓದಿ ‘ಹಾಗಾದರೆ ತಿಂದು ಮೈ ಬೆಳೆಸಿ’ ಎಂದುಕೊಂಡರೆ ತಪ್ಪಾಗುತ್ತದೆ. ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆ, ಮರೆವಿನ ಕಾಯಿಲೆಗಳು ರೋಗ ಪತ್ತೆಯಾಗುವ ಮೊದಲೇ ತೂಕ ಇಳಿಸಬಲ್ಲವು. ಅಂಥವರು ಅಧ್ಯಯನಕ್ಕೆ ಸೇರುವ ಹೊತ್ತಿಗೇ ತೆಳ್ಳಗಾಗಿರುತ್ತಾರೆ, ಬೇಗ ತೀರಿಕೊಳ್ಳುತ್ತಾರೆ. ಲೆಕ್ಕದಲ್ಲಿ ತೆಳ್ಳಗಿದ್ದದ್ದೇ ಸಾವಿಗೆ ಕಾರಣವೆಂಬಂತೆ ಕಾಣುತ್ತದೆ. ನಿಜಕ್ಕೂ ಕಾಯಿಲೆಯೇ ಎರಡಕ್ಕೂ ಕಾರಣ. ಇನ್ನೊಂದು ಕಡೆ, ಬೊಜ್ಜಿನಿಂದ ನಡುವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾದವರು ಈ ಅಧ್ಯಯನದ ವಯಸ್ಸು ಮುಟ್ಟುವುದೇ ಇಲ್ಲ. ಮುಟ್ಟಿದ ದಪ್ಪ ಮೈಯವರು ಮೊದಲಿಂದ ಗಟ್ಟಿಗರು. ಇವೆರಡನ್ನು ಕಳೆದರೂ ಸ್ವಲ್ಪ ಹುರುಳು ಉಳಿಯುತ್ತದೆ: ಜ್ವರವೋ ಸೊಂಟ ಮುರಿತವೋ ಬಂದು ನಾಲ್ಕು ವಾರ ಊಟ ಸೇರದಿದ್ದಾಗ ಮೈಯಲ್ಲೊಂದಿಷ್ಟು ದಾಸ್ತಾನು ಇದ್ದವರು ತಡೆದುಕೊಳ್ಳುತ್ತಾರೆ.

ಬದುಕಿರುವುದು ಬೇರೆ, ಓಡಾಡಿಕೊಂಡಿರುವುದು ಬೇರೆ

ಆಯಸ್ಸಿನ ಲೆಕ್ಕದಲ್ಲಿ ಹೆಚ್ಚು ತೂಕ ನಿರಪಾಯ ಎನಿಸಿದರೂ ಓಡಾಟದ ಲೆಕ್ಕದಲ್ಲಿ ಹಾಗಲ್ಲ. ಮಂಡಿ ಸವೆದ ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುವುದು ಕಂಡುಬಂದಿತ್ತು. ನೋವಿದ್ದರೆ ನಡಿಗೆ ಕಡಿಮೆ, ನಡಿಗೆ ಕಡಿಮೆಯಾದರೆ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ಎದ್ದೇಳುವುದೇ ಕಷ್ಟ, ಆಗ ತೂಕ ಮತ್ತಷ್ಟು ಏರುತ್ತದೆ.

ನಿತ್ಯದ ಕೆಲಸಗಳನ್ನು ಅಳೆಯಲು ವೈದ್ಯರು 1963ರಿಂದ ಬಳಸುತ್ತಿರುವ ಕಾಟ್ಜ್ ಪಟ್ಟಿಯಲ್ಲಿ ಆರು ಸಂಗತಿಗಳಿವೆ: ಸ್ನಾನ, ಉಡುಪು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ದಾಟುವುದು, ಮಲಮೂತ್ರದ ಹಿಡಿತ, ಊಟ. ಭಾರದ ಮೈಯವರಿಗೆ ಮೊದಲು ಕೈಕೊಡುವುದು ಸಾಮಾನ್ಯವಾಗಿ ಬಗ್ಗುವ, ಏಳುವ ಕೆಲಸಗಳು. ಭಾರತೀಯ ಶೈಲಿಯ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರುವುದು, ಕಾಲಿನ ಉಗುರು ಕತ್ತರಿಸುವುದು, ಲಂಗ ಅಥವಾ ಪ್ಯಾಂಟಿಗೆ ಕಾಲು ತೂರಿಸುವುದು, ತಗ್ಗಾದ ಮಂಚದಿಂದ ಏಳುವುದು. ತೆಳ್ಳಗೆ ಸೊರಗಿದವರಿಗೆ ಕಷ್ಟವಾಗುವುದು ಬಲ ಬೇಡುವ, ದಣಿಸುವ ಕೆಲಸಗಳು. ನೀರು ತುಂಬಿದ ಬಕೆಟ್ ಎಳೆದುಕೊಳ್ಳುವುದು, ಕುಕ್ಕರ್ ಇಳಿಸುವುದು, ಹಾಲಿನಂಗಡಿಗೆ ಹೋಗಿಬರುವುದು. ಬಿದ್ದರೆ ಮೂಳೆ ಮುರಿಯುವ ಭಯವೂ ಇವರಿಗೇ ಹೆಚ್ಚು.

ಮನೆಯ ಕಟ್ಟಡವೂ ಇದರಲ್ಲಿ ಪಾಲುದಾರ. ರಾಜಾಜಿನಗರ, ಶ್ರೀನಗರದಂಥ ಬಡಾವಣೆಗಳಲ್ಲಿ ಲಿಫ್ಟ್ ಇಲ್ಲದ ಎರಡು ಮೂರು ಮಹಡಿಯ ಮನೆಗಳು, ವಾಕರ್ ನುಗ್ಗದಷ್ಟು ಕಿರಿದಾದ ಬಚ್ಚಲ ಬಾಗಿಲು, ಬಾಗಿಲಿಗೊಂದು ಹೊಸ್ತಿಲು ಸಾಮಾನ್ಯ. ಒಂದೇ ತೂಕದ ಇಬ್ಬರಲ್ಲಿ ಕಮೋಡ್ ಪಕ್ಕ ಹಿಡಿಕೆ ಇರುವ ಮನೆಯವರು ತಾವೇ ಎದ್ದುಬರುತ್ತಾರೆ, ಇಲ್ಲದ ಮನೆಯವರು ಡೈಪರ್‌ಗೆ ಇಳಿಯುತ್ತಾರೆ. ಕಿಲೋ ಇಳಿಸಲು ಆರು ತಿಂಗಳು ಬೇಕು. ಹಿಡಿಕೆ ಹಾಕಿಸಲು ಒಂದು ದಿನ ಸಾಕು.

ದೇಶದ ಚಿತ್ರ ನೋಡಿದರೆ, ವಯಸ್ಸಾದವರ ಸ್ಥಿತಿಗತಿ ಕುರಿತು 2017–18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಶೇ 27ರಷ್ಟು ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು, ಶೇ 22ರಷ್ಟು ಮಂದಿ ಹೆಚ್ಚು ತೂಕದವರು. ಶೇ 24ರಷ್ಟು ಹಿರಿಯರಿಗೆ ನಿತ್ಯದ ಮೂಲ ಕೆಲಸಗಳಲ್ಲಿ ಒಂದಾದರೂ ಕಷ್ಟ. ಬೊಜ್ಜಿನ ಸುದ್ದಿಗಳಲ್ಲಿ ಪದೇ ಪದೇ ಉಲ್ಲೇಖವಾಗುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ತೂಕದ ಅಂಕಿಗಳು ದುಡಿಯುವ ವಯಸ್ಸಿನವರವು. ಅವನ್ನು ಹಿಡಿದು ಅಜ್ಜ ಅಜ್ಜಿಯರ ಬಗ್ಗೆ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ದಪ್ಪ ಮೈ, ಸೊರಗಿದ ಸ್ನಾಯು

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವವರು ಮೂರನೆಯ ಗುಂಪಿನವರು. ನೋಡಲು ಮೈಕೈ ತುಂಬಿಕೊಂಡಿದ್ದಾರೆ, ಹೊಟ್ಟೆಯೂ ಇದೆ. ಆದರೆ ತೊಡೆ, ಮೀನಖಂಡ ಮುಟ್ಟಿದರೆ ಜೋಲು. ಆಟೋ ಎಂಜಿನ್ನಿನ ಮೇಲೆ ಲಾರಿ ಲೋಡು ಹೇರಿದ ಹಾಗೆ. ಇವರ ಬಗ್ಗೆ ಮನೆಯವರಿಗೂ ಚಿಂತೆ ಇರುವುದಿಲ್ಲ, ಏಕೆಂದರೆ ಸೊರಗಿದಂತೆ ಕಾಣುವುದೇ ಇಲ್ಲ.

ಮನೆ ಆರೈಕೆಗೆ ಬರುವವರಲ್ಲಿ ಈ ಸ್ಥಿತಿಗೆ ದಾರಿ ಬಹಳ ಹತ್ತಿರ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ 2007ರಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯುಭಾಗ ಕರಗಿತ್ತು. ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಬಂದ ಮೇಲೆ ‘ಹೋಗುವಾಗ ನಡೆದೇ ಹೋಗಿದ್ದರು, ಈಗ ನಿಲ್ಲಲೂ ಆಗುತ್ತಿಲ್ಲ’ ಎಂದು ಮನೆಯವರು ಹೇಳುವುದಕ್ಕೆ ಇದು ದೊಡ್ಡ ಕಾರಣ. ಆಮೇಲೆ ‘ಪಾಪ, ಸುಸ್ತು, ಮಲಗಲಿ’ ಎಂದು ಪ್ರೀತಿಯಿಂದಲೇ ಮಲಗಿಸಿಡುತ್ತಾರೆ. ಕೆಲವು ತಿಂಗಳಲ್ಲಿ ತೂಕ ಮೊದಲಿನಷ್ಟೇ ಆಗುತ್ತದೆ, ಆದರೆ ಹೋದದ್ದು ಸ್ನಾಯು, ಬಂದದ್ದು ಬಹುಪಾಲು ಕೊಬ್ಬು.

ಇಂಜೆಕ್ಷನ್ ಯಾರಿಗೆ, ಯಾವಾಗ

ಬೊಜ್ಜಿನ ತಜ್ಞರ ವಾದಕ್ಕೆ ತೂಕವಿದೆ. ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರುಗಟ್ಟುವುದು, ಹೃದಯದ ತೊಂದರೆ, ಮಂಡಿನೋವು ಎಲ್ಲ ಸೇರಿಕೊಂಡ ಹಿರಿಯರಿಗೆ ತೂಕ ಇಳಿಸಿದರೆ ನಿಜಕ್ಕೂ ಉಪಕಾರವಾಗುತ್ತದೆ. ವಯಸ್ಸಾಯಿತೆಂದು ಚಿಕಿತ್ಸೆ ತಪ್ಪಿಸುವುದು ನ್ಯಾಯವಲ್ಲ. ವೃದ್ಧಾಪ್ಯ ವೈದ್ಯರ ಎಚ್ಚರಿಕೆಯೂ ಅಷ್ಟೇ ಗಟ್ಟಿ. ಈ ಔಷಧಿಗಳ ಪ್ರಯೋಗಗಳಲ್ಲಿ ಇಳಿದ ತೂಕದಲ್ಲಿ ಕಾಲು ಭಾಗದಿಂದ ಹಿಡಿದು ಐದರಲ್ಲಿ ಎರಡು ಭಾಗದವರೆಗೆ ಕೊಬ್ಬಲ್ಲದ ಅಂಶವೇ ಇತ್ತು, ಸ್ನಾಯುವೂ ಅದರಲ್ಲಿ ಸೇರಿದೆ. ಮುಖ್ಯ ಪ್ರಯೋಗಗಳಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 45ರ ಆಸುಪಾಸು. 45ರವರಿಗೆ ಕಳೆದುಕೊಂಡ ಸ್ನಾಯು ಮತ್ತೆ ಕಟ್ಟಿಕೊಳ್ಳುವ ಅವಕಾಶವಿದೆ. ವಾಕರ್ ಹಿಡಿದು ಹತ್ತು ಹೆಜ್ಜೆ ಇಡುವ 78ರವರಿಗೆ ಅಷ್ಟು ಸ್ನಾಯು ಹೋದರೆ ಆ ಹತ್ತು ಹೆಜ್ಜೆಯೂ ಹೋಗಬಹುದು. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ವಾಪಸು ಬಂದದ್ದೂ ದಾಖಲಾಗಿದೆ.

ಎರಡು ವಾದಗಳ ನಡುವೆ ದಾರಿ ಇದೆ. ಬೊಜ್ಜಿದ್ದ 160 ಹಿರಿಯರ ಮೇಲೆ ನಡೆದು 2017ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಥ್ಯದ ಜೊತೆಗೆ ನಡಿಗೆಯಂಥ ವ್ಯಾಯಾಮ ಮತ್ತು ಭಾರ ಎತ್ತುವ ವ್ಯಾಯಾಮ ಎರಡನ್ನೂ ಮಾಡಿದವರ ಚಲನಶಕ್ತಿ ಶೇ 21ರಷ್ಟು ಸುಧಾರಿಸಿತು. ಎರಡರಲ್ಲಿ ಒಂದನ್ನೇ ಮಾಡಿದವರದು ಶೇ 14ರಷ್ಟು. ಆದ್ದರಿಂದ ಮನೆ ಆರೈಕೆಯಲ್ಲಿರುವ ಹಿರಿಯರಿಗೆ ಸ್ನಾಯು ಬಲಪಡಿಸುವ ವ್ಯಾಯಾಮದ ಏರ್ಪಾಡಿಲ್ಲದೆ ಇಂಜೆಕ್ಷನ್ ಶುರು ಮಾಡುವುದು ಅವಸರದ ನಿರ್ಧಾರ ಎಂಬುದು ಈ ಲೇಖನದ ನಿಲುವು. ಫಿಸಿಯೋಥೆರಪಿಗೆ ದುಡ್ಡಿಲ್ಲದೆ ಇಂಜೆಕ್ಷನ್‌ಗೆ ಮಾತ್ರ ಇದ್ದರೆ, ಮೊದಲು ಆ ದುಡ್ಡನ್ನು ಫಿಸಿಯೋಥೆರಪಿಗೇ ಹಾಕಬೇಕು.

ಎತ್ತುವವರ ಬೆನ್ನು

ಈ ಚರ್ಚೆಯಲ್ಲಿ ಅಟೆಂಡೆಂಟ್‌ಗಳ ದನಿ ಕೇಳಿಸುವುದೇ ಇಲ್ಲ. ರೋಗಿಯ ತೂಕ ನೇರವಾಗಿ ಬೀಳುವುದು ಅವರ ಸೊಂಟದ ಮೇಲೆ. ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ ಸುಮಾರು 16 ಕಿಲೋ ಮೀರಬಾರದೆಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ತಜ್ಞರ ಲೆಕ್ಕ. 80 ಕಿಲೋದವರನ್ನು ಒಬ್ಬರೇ ಎಬ್ಬಿಸುವ ಮನೆಯಲ್ಲಿ ಈ ಮಿತಿ ದಿನಕ್ಕೆ ಎಷ್ಟೋ ಸಲ ದಾಟುತ್ತದೆ.

ಮಂಚದಿಂದ ವೀಲ್‌ಚೇರ್‌ಗೆ ದಾಟಿಸುವ ಒಂದು ನಿಮಿಷವನ್ನು ಗಮನಿಸಿದರೆ ಎಲ್ಲ ಅರ್ಥವಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಕಂಕುಳಿಗೆ ಕೈಹಾಕಿ ಮೇಲೆಳೆಯುತ್ತಾರೆ. ಸ್ಟ್ರೋಕ್ ಆದ ಕಡೆಯ ಭುಜದ ಕೀಲು ಅದರಿಂದಲೇ ಸಡಿಲವಾಗಿ ನೋವು ಶುರುವಾಗಬಹುದು. ಸರಿಯಾದ ಕ್ರಮ ಬೇರೆ. ವೀಲ್‌ಚೇರನ್ನು ರೋಗಿಯ ಬಲವಿರುವ ಕಡೆಗೆ ಓರೆಯಾಗಿಟ್ಟು ಬ್ರೇಕ್ ಹಾಕಬೇಕು. ಪಾದಗಳನ್ನು ನೆಲಕ್ಕೆ ಊರಿಸಿ, ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ, ಮೂಗು ಮಂಡಿಯ ನೇರಕ್ಕೆ ಬರುವಷ್ಟು ಮುಂದೆ ಬಾಗಿಸಿ, ರೋಗಿಯ ಕಾಲ ಬಲ ಎಷ್ಟಿದೆಯೋ ಅಷ್ಟನ್ನೂ ಬಳಸಿ ಏಳಿಸಬೇಕು. ಆ ಕಾಲಲ್ಲಿ ಬಲ ಉಳಿದಿದ್ದರೆ 80 ಕಿಲೋದವರೂ ಎದ್ದಾರು. ಉಳಿದಿಲ್ಲದಿದ್ದರೆ 50 ಕಿಲೋದವರೂ ಭಾರವೇ.

ಇದರ ಪರಿಣಾಮ ದುಡ್ಡಿನಲ್ಲೂ ಕಾಣುತ್ತದೆ. ಏಜೆನ್ಸಿಗಳು ಮೊದಲ ಫೋನಿನಲ್ಲೇ ರೋಗಿಯ ತೂಕ ಕೇಳುವುದುಂಟು. ಭಾರ ಹೆಚ್ಚಿದ್ದರೆ ಇಬ್ಬರು ಬೇಕೆನ್ನುವುದೂ ಉಂಟು. ಎತ್ತಲಾಗದೆ ಅಟೆಂಡೆಂಟ್ ಕೆಲಸ ಬಿಟ್ಟರೆ ಭಾರ ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಅವರಿಗೂ ಆಗದಿದ್ದಾಗ ರೋಗಿ ಹಾಸಿಗೆಯಲ್ಲೇ ಉಳಿಯುತ್ತಾರೆ, ಬೆನ್ನಿಗೆ, ಹಿಮ್ಮಡಿಗೆ ಒತ್ತುಹುಣ್ಣು ಏಳುತ್ತದೆ.

ತಟ್ಟೆಯ ಲೆಕ್ಕ

ಬೆಂಗಳೂರಿನ ಅನೇಕ ಮನೆಗಳಲ್ಲಿ ವಯಸ್ಸಾದವರ ಒಂದು ದಿನದ ಊಟ ಹೀಗಿರುತ್ತದೆ: ಬೆಳಿಗ್ಗೆ ಎರಡು ಇಡ್ಲಿ, ಕಾಫಿ, ಮಧ್ಯಾಹ್ನ ಮೆತ್ತಗಿನ ಅನ್ನ, ತಿಳಿಸಾರು, ಒಂದು ಲೋಟ ಮಜ್ಜಿಗೆ, ಸಂಜೆ ಎರಡು ಬಿಸ್ಕತ್ತು, ರಾತ್ರಿ ರಾಗಿ ಗಂಜಿ. ಹೊಟ್ಟೆಗೆ ಹಗುರ, ನುಂಗಲು ಸುಲಭ. ಆದರೆ ಇಷ್ಟೆಲ್ಲದರಲ್ಲಿ ಪ್ರೋಟೀನ್ 25 ಗ್ರಾಂ ಮುಟ್ಟುವುದೇ ಕಷ್ಟ. ಹಿರಿಯರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ಅಂತರರಾಷ್ಟ್ರೀಯ ತಜ್ಞರ ಸಲಹೆ. ಅಂದರೆ 60 ಕಿಲೋದವರಿಗೆ 60ರಿಂದ 72 ಗ್ರಾಂ.

ಹಾಗಾಗಿ ಇಲ್ಲಿ ‘ಕಡಿಮೆ ತಿನ್ನಿಸಿ’ ಎಂಬ ಸಲಹೆ ಅಪಾಯಕಾರಿ. ಮೊದಲೇ ಕೊರತೆಯಿರುವ ತಟ್ಟೆಯಿಂದ ಮತ್ತೆ ಕಳೆದರೆ ಹೋಗುವುದು ಸ್ನಾಯುವೇ. ತಿಳಿಸಾರಿನ ಬದಲು ಬೇಳೆ ಕಟ್ಟಿದ ಗಟ್ಟಿ ತೊವ್ವೆ, ಮೆತ್ತಗೆ ಬೇಯಿಸಿದ ಹೆಸರುಕಾಳು, ಗಟ್ಟಿ ಮೊಸರು, ತಿನ್ನುವವರಾದರೆ ದಿನಕ್ಕೊಂದೆರಡು ಮೊಟ್ಟೆ ಸೇರಿದರೂ ಲೆಕ್ಕ ಬದಲಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ತಕ್ಕಡಿ ಇಲ್ಲದೆಯೂ ಅಳೆಯಬಹುದು

ಒಂದು ದಿನದ ತೂಕಕ್ಕಿಂತ ತೂಕ ಯಾವ ದಿಕ್ಕಿಗೆ ಹೊರಟಿದೆ ಎಂಬುದು ಮುಖ್ಯ. ಪ್ರಯತ್ನಪಡದೆ ತಿಂಗಳಲ್ಲಿ ಶೇ 5ರಷ್ಟು ಅಥವಾ ಆರು ತಿಂಗಳಲ್ಲಿ ಶೇ 10ರಷ್ಟು ಇಳಿದರೆ ಮನೆ ಆರೈಕೆಯ ಅಂತರರಾಷ್ಟ್ರೀಯ ಮಾಪನಗಳಲ್ಲಿ ಅದು ಎಚ್ಚರಿಕೆಯ ಗಂಟೆ. 60 ಕಿಲೋದವರಿಗೆ ತಿಂಗಳಲ್ಲಿ ಮೂರು ಕಿಲೋ. ದಪ್ಪಗಿರುವವರು ಹೀಗೆ ಇಳಿದಾಗ ‘ಒಳ್ಳೆಯದೇ ಆಯಿತು’ ಎಂದು ಸುಮ್ಮನಾಗುವುದು ದೊಡ್ಡ ತಪ್ಪು. ಹಲ್ಲುನೋವು, ನುಂಗಲು ತೊಂದರೆ, ಖಿನ್ನತೆ, ಹೊಸ ಮಾತ್ರೆ, ಪತ್ತೆಯಾಗದ ಕಾಯಿಲೆ ಯಾವುದೂ ಕಾರಣವಿರಬಹುದು. ಹೃದಯ ದುರ್ಬಲವಾಗಿರುವವರಲ್ಲಿ ಮೂರು ದಿನಕ್ಕೆ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಕೂಡಲೇ ವೈದ್ಯರಿಗೆ ತಿಳಿಸಬೇಕು.

ನಿಲ್ಲಲಾಗದವರಿಗೆ ದರ್ಜಿಯ ಟೇಪು ಸಾಕು. ಏಷ್ಯಾದ ತಜ್ಞರ 2019ರ ಒಮ್ಮತದಂತೆ ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿರುವ ಶಂಕೆ. ಕಾಲು ಊದಿದ್ದರೆ ಈ ಅಳತೆ ನಂಬುವಂತಿಲ್ಲ, ಆಗ ತೋಳನ್ನು ಅಳೆಯಬಹುದು. ತೋಳಿನ ನಡುಭಾಗ 23.5 ಸೆಂಟಿಮೀಟರ್‌ಗಿಂತ ಸಣ್ಣದಾಗಿದ್ದರೆ ಬಿಎಂಐ 20ಕ್ಕಿಂತ ಕಡಿಮೆ ಇರುವ ಸಂಭವ ಹೆಚ್ಚು. ನಿಲ್ಲಬಲ್ಲವರಿಗೆ ಕುರ್ಚಿ ಪರೀಕ್ಷೆ ಇದೆ. ಕುರ್ಚಿಯನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ಒಬ್ಬರು ನಿಂತು, ಕೈ ಊರದೆ ಐದು ಸಲ ಎದ್ದು ಕೂರಲು ಹೇಳಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದರ್ಥ. ಕೈ ಊರದೆ ಒಮ್ಮೆಯೂ ಏಳಲಾಗದಿದ್ದರೆ ಗುರಿ ಆ ಒಂದು ಸಲ.

ವ್ಯವಸ್ಥೆ ಏನನ್ನು ಎಣಿಸುತ್ತಿದೆ

ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಅದೇ ಭೇಟಿಯಲ್ಲಿ ಹಿರಿಯರ ಮೀನಖಂಡಕ್ಕೊಮ್ಮೆ ಟೇಪು ಹಿಡಿದು, ಕುರ್ಚಿಯಿಂದೊಮ್ಮೆ ಎಬ್ಬಿಸಿ ಬರೆದುಕೊಳ್ಳಲು ಐದು ನಿಮಿಷ ಹಿಡಿಯದು. ಹಾಗೆ ಬರೆದದ್ದು ಕೈಯಲ್ಲಿದ್ದರೆ ಬೀಳುವ ಮೊದಲೇ ಯಾರಿಗೆ ವ್ಯಾಯಾಮ ಬೇಕು, ಯಾರಿಗೆ ಊಟ ಬೇಕು ಎಂಬುದು ಗೊತ್ತಾಗುತ್ತದೆ.

ದುಡ್ಡಿನ ಏರ್ಪಾಡು ಇನ್ನೂ ಆಸ್ಪತ್ರೆಯ ಕಡೆಗೇ ಮುಖ ಮಾಡಿದೆ. 70 ತುಂಬಿದವರಿಗೆ ಕೇಂದ್ರ ಸರ್ಕಾರ 2024ರಲ್ಲಿ ಘೋಷಿಸಿದ ಆಯುಷ್ಮಾನ್ ವಯ ವಂದನಾ ಕಾರ್ಡ್ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಒಳರೋಗಿ ಚಿಕಿತ್ಸೆಯನ್ನು ಭರಿಸುತ್ತದೆ. ಬಿದ್ದು ಸೊಂಟ ಮುರಿದರೆ ಶಸ್ತ್ರಚಿಕಿತ್ಸೆಗೆ ಹಣ ಸಿಗುತ್ತದೆ. ಬೀಳದಂತೆ ತಡೆಯುವ ಮನೆ ಫಿಸಿಯೋಥೆರಪಿ, ಬಚ್ಚಲ ಹಿಡಿಕೆ, ವಾಕರ್, ಅಟೆಂಡೆಂಟ್ ತರಬೇತಿ ಇವೆಲ್ಲ ಕುಟುಂಬದ ಕೈಯಿಂದಲೇ ಹೋಗಬೇಕು. ಇಂಜೆಕ್ಷನ್ ದರ ಇಳಿದಂತೆಲ್ಲ ಈ ಅಸಮತೋಲನ ಹೆಚ್ಚುವ ಸಂಭವವಿದೆ. ತೂಕ ಇಳಿಸುವ ಔಷಧಿ ಮೆಡಿಕಲ್ ಶಾಪಿನಲ್ಲಿ ಕೈಗೆಟುಕುತ್ತದೆ, ಅದರ ಜೊತೆಗೆ ಬೇಕೇಬೇಕಾದ ವ್ಯಾಯಾಮ ಮಾಡಿಸುವವರು ಮಾತ್ರ ಗಂಟೆಯ ಲೆಕ್ಕದಲ್ಲಿ ದುಬಾರಿಯಾಗಿಯೇ ಉಳಿಯುತ್ತಾರೆ.